ಐದೂವರಿ ತಾಸು

ಬೆಟಗೇರಿ ಪ್ರೆಸ್ಸಿನ್ಯಾಗ ಇರೂದು ಒಂದs ಕಂಪ್ಯೂಟರು,
ಮೊನ್ನೆ ಅದರಾಗ ಎರಡು ಸಂಸಾರ ಹೂಡಿದ್ವಿ.
ಡಿಸ್ಕಿನ ನಡುವ ಗ್ವಾಡಿ ಎಬ್ಬಿಸಿದಾಕಿ ಶಾಹೀನಾ:
"ಹಳೇದು ಅಳಿಸಿ ಹೋದೀತು ಕಾಕಾ, ಮೊದಲ ಕಾಪಿ ಇಟಗೋರಿ."
ಇಟಗೊಂಡೆ. ಹದಿನೆಂಟು ವರ್ಷದ ಲಗ್ನಪತ್ರಿಕಿ,
ಅದರಾಗ ಮುರದ ಲಗ್ನ ಎಷ್ಟೋ, ಯಾರು ಎಣಿಸ್ಯಾರು.

ಹಳೇ ವಿಂಡೋಸಿನ್ಯಾಗ ನನ್ನ ಫಾಂಟು,
ಶ್ರೀಕಾರದ ಬಾಲ ಸುತ್ತಿ ಸೊಂಡಿಲಾಗತೈತಿ.
ಅದನ್ನs ಲಿನಕ್ಸಿನ್ಯಾಗ ತಗದ್ರ
ಕನ್ನಡ ಹೋಗಿ ಬರೇ ಇಂಗ್ಲಿಷ್ ಕಸ.

ಚಾಲೂ ಮಾಡಿದ್ರ ಹತ್ತು ಎಣಿಸತೈತಿ: ಯಾವ ಕಡೆ?
ಒಂಬತ್ತು, ಎಂಟು…
ಕೈಯಾಗ ಚಹಾ. ಬಾಣದ ಗುಂಡಿ ಒತ್ತಲಿಲ್ಲಂದ್ರ
ನನ್ನ ಪರವಾಗಿ ಅದs ಆರಿಸಿಬಿಡತೈತಿ.

ಇನ್ನೊಂದು ತಕರಾರು.
ಹೊಸದರಿಂದ ಹಳೇದಕ್ಕ ಹೊಳ್ಳಿ ಬಂದ್ರ
ಗಡಿಯಾರ ಐದೂವರಿ ತಾಸು ಹಿಂದ.
ಹೊರಗ ಹನ್ನೊಂದರ ಬಿಸಲು, ಮಗ್ಗದ ಸಪ್ಪಳ,
ಪರದೆ ಮ್ಯಾಲೆ ಇನ್ನೂ ನಸುಕು.

"ಒಂದು ಸಾಲು ಬರದ್ರ ಸರಿ ಆಗತೈತಿ," ಅಂದ್ಲು ಶಾಹೀನಾ.
ನಾಳೆ ಮಾಡೂಣು, ಅಂದೆ.
ಚಿ. ಕುಂ. ಸೌ. ದಾಕ್ಷಾಯಣಿ,
ಮುಹೂರ್ತ ಹನ್ನೆರಡೂ ಇಪ್ಪತ್ತೈದು,
ಟೈಪ್ ಮಾಡಕೋತ ಮೂಲ್ಯಾಗಿನ ಗಡಿಯಾರ ನೋಡಿದೆ:
ಆ ಕಡೆ ಹುಡುಗಿ ಇನ್ನೂ ಎದ್ದಿಲ್ಲ.
ಯಾರೂ ಅಕೀನ್ನ ಇನ್ನೂ ಏನೂ ಕೇಳಿಲ್ಲ.