ಸರಿ ಅಂದೆ

ನಮ್ಮ ಮಂಡಕ್ಕಿ ಭಟ್ಟಿಗೂ ದ್ಯಾಮಣ್ಣಾಚಾರಿಯ ಕೊಟ್ಟಿಗೆಗೂ
ಒಂದೇ ಗೋಡೆ.
ಈ ಕಡೆ ಒಲೆ ಹೊತ್ತಿದರೆ ಆ ಕಡೆ ತಂತಿ ಇಳಿಯುತ್ತಿತ್ತು.
ಅದಕ್ಕೇ ಅವರು ಶ್ರುತಿಗೆ ಕೂರುವುದು
ದಾವಣಗೆರೆ ಹಲ್ಲುಜ್ಜುವ ಮೊದಲು.

ಮೂವತ್ತೊಂದು ವರ್ಷ ಹತ್ತಿ ಗಿರಣಿಯಲ್ಲಿ
ಮಗ್ಗದ ಬೋಲ್ಟು ತಿರುವಿದ ಮನುಷ್ಯ.
ಗಿರಣಿ ಮುಚ್ಚಿದಾಗ
ಸದ್ದಿನ ಜೊತೆ ಅವರ ಕಿವಿಯನ್ನೂ ಒಳಗೇ ಬಿಟ್ಟು
ಬೀಗ ಹಾಕಿದ್ದರು.

ಗುಜರಿಯಲ್ಲಿ ತೂಕಕ್ಕೆ ತಂದ ಮಗ್ಗದ ತೇಗ.
ಸೀಳಿ, ಹೆರೆದು, ಪೆಟ್ಟಿಗೆ ಕೂಡಿಸಿದಾಗ ಅಮ್ಮಿ ಕೇಳಿದಳು,
'ಇದೇನ್ ಆಚಾರ್ರೆ, ಮೊರಕ್ಕೆ ಮುಚ್ಚಳ ಹಾಕೀರಿ?'
ಮೊರವೇ ಸರಿ: ನುಡಿಸುವವರ ಹೊಟ್ಟೆಯ ಕಡೆ ಅಗಲ,
ಆಚೆ ಕಿರಿದು.
ಮೇಲೆ ಎರಡು ಸಾಲು, ಇಪ್ಪತ್ತೈದು ಕುದುರೆ,
ಚದುರಂಗದ ಬೇರೆ ಕಾಯೆಲ್ಲ ಕಳೆದುಹೋದ ಹಾಗೆ.
ಒಂದೊಂದರ ಬೆನ್ನಿಗೆ ನಾಲ್ಕು ತಂತಿ,
ನಾಲ್ಕೂ ಒಂದೇ ಮಾತಾಡಬೇಕು.
'ನಾಕು ಮಂದಿ ಅಣ್ತಮ್ಮರು
ಒಂದೇ ಮಾತಾಡಿದ್ದು ಎಲ್ಲ್ಯಾರ ನೋಡೀಯೇನು?'
ನಗುತ್ತಲೇ ಬಿರಡೆ ತಿರುವುವರು.

ಮಂದ್ರವನ್ನು ಅವರು ಹಲ್ಲಿನಲ್ಲಿ ಕೇಳುತ್ತಿದ್ದರು.
ಪೆಟ್ಟಿಗೆಯ ಅಂಚು ಕಚ್ಚಿ, ಕಣ್ಣು ಮುಚ್ಚಿ,
ದವಡೆಗೆ ಸ್ವರ ಏರುವವರೆಗೂ ಕಾಯುವರು.
ತೇಗದ ಮೇಲೆ ಹಲ್ಲಿನ ಗುರುತು.
ತಾರದ ತಂತಿಗಳು ಹಲ್ಲಿಗೂ ಸಿಗಲಿಲ್ಲ.
ಗೋಡೆ ಬಡಿದು ಕರೆದರು:
'ಮೆಹರೂನ, ಬಾ ಇಲ್ಲಿ. ಒಂಚೂರು ಕಿವಿ ಕೊಡು.'

ಹನ್ನೊಂದು ವರ್ಷ ನನಗೆ.
ಅವರು ತಿರುವಿದರು, ನಾನು ಬಡಿದೆ.
'ಹೊಡೀಬ್ಯಾಡ. ಕಡ್ಡಿ ಬೀಳಾಕೆ ಬಿಡು, ಅದೇ ಎದ್ದು ಬರ್ತತಿ.'
ಬೆರಳ ಸಂದಿಯಲ್ಲಿ ತುದಿ ಬಾಗಿದ ಕಡ್ಡಿ
ಕಾದ ಉಸುಕಿನಲ್ಲಿ ಅಕ್ಕಿ ಸಿಡಿದಂತೆ ಪುಟಿಯಿತು.
ಮೇಲೆ. ಇನ್ನೂ ಮೇಲೆ. ಹಾಂ, ಇಳಿಸ್ರಿ, ಒಂದು ಕೂದಲು.
ಮೂರು ಕೂಡಿದವು.
ನಾಲ್ಕನೆಯದು ಸೇರದೆ, ದೂರವೂ ಹೋಗದೆ
ಅಲ್ಲೇ ತೊನೆಯುತ್ತಿತ್ತು.

ಆಚೆಯಿಂದ ಅಮ್ಮಿಯ ಕೂಗು, ಒಲೆಗೆ ಹೊಟ್ಟು ಸುರಿಯಬೇಕು.
ಗೋಡೆ ಬೆಚ್ಚಗಾಗತೊಡಗಿತ್ತು.
'ಸರಿ ಐತೇನು?'
ನನ್ನ ಬಾಯನ್ನೇ ನೋಡುತ್ತಿದ್ದರು.
'ಸರಿ' ಅಂದೆ.

ಅದೇ ವಾರ ಸಂತೂರು ಕೌದಿ ಸುತ್ತಿಕೊಂಡು
ಬಸ್ಸಿನ ನೆತ್ತಿ ಹತ್ತಿ ಹುಬ್ಬಳ್ಳಿಗೆ ಹೋಯಿತು.
ಹರಿಹರ ದಾಟುವಷ್ಟರಲ್ಲೇ ನೂರೂ ಇಳಿದಿರಬೇಕು.
ಆಮೇಲೆ ಸಾವಿರ ಸಲ ಬಿಗಿದಿರುತ್ತಾರೆ;
ಆ ತಂತಿ ಕಡಿದು ಬೇರೆಯದೇ ಬಂದಿರುತ್ತದೆ.
ಗೊತ್ತು.
ಆದರೂ ಯಾರಾದರೂ ನನ್ನ ಬಾಯಿ ನೋಡುತ್ತಾ
ಸರಿಯಾ ಅಂತ ಕೇಳಿದರೆ
ನಾನು ಏನನ್ನೂ ಹೇಳುವ ಮೊದಲು
ಅದು ತೊನೆಯುತ್ತದೆ.