ಹನ್ನೊಂದು ಇಂಚು

ತ್ಬಿಲಿಸಿಯ ಗ್ಲ್ದಾನಿ ಬಡಾವಣೆ, ಒಂಬತ್ತನೇ ಮಹಡಿ.
ಲಿಫ್ಟಿಗೆ ನಾಣ್ಯ ಹಾಕಬೇಕು, ಏರುವುದಕ್ಕೆ ಮಾತ್ರ;
ಇಳಿಯುವುದು ಪುಕ್ಕಟೆ.
ಅಡುಗೆಮನೆಯ ಮೇಜಿನ ಮೇಲೆ ಎತೇರಿಯ ಲ್ಯಾಪ್‌ಟಾಪು,
ಹನ್ನೊಂದು ಇಂಚು. ಅದರಲ್ಲೂ ಬಲಕ್ಕೆ ಎರಡು ಬೆರಳಗಲ
ಸತ್ತುಹೋಗಿದೆ. ಹೋದ ಈಸ್ಟರಿಗೆ
ವೈನಿನ ಹೂಜಿ ಒರಗಿದ ಜಾಗ;
ಈಗ ಬರೀ ಹಸಿರು ಗೆರೆ.

ಅವಳ ಕೆಲಸ, ಕಿವಿ ಕೇಳದವರಿಗಾಗಿ
ಸಿನಿಮಾದ ಅಡಿಯಲ್ಲಿ ಮಾತು ಬರೆಯುವುದು.
ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ನಲವತ್ತು ಅಕ್ಷರ.
ಅಷ್ಟರಲ್ಲಿ ಜಗಳ, ಅಷ್ಟರಲ್ಲಿ ರಾಜಿ,
ಅಷ್ಟರಲ್ಲೇ ‘ದೂರದಲ್ಲಿ ನಾಯಿ ಬೊಗಳುತ್ತದೆ’.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಎತೇರಿ ಮೊದಲು ಕಾಲು ಮಡಿಸಿದಳು.
ಆಮೇಲೆ ಹಾಸಿಗೆಯ ಅಂಚನ್ನೇ ಬಿಚ್ಚಿ ನೋಡಿದಳು:
ಹೊಲಿಗೆಯೊಳಗೆ ಮಡಚಿಟ್ಟ ಬಟ್ಟೆ ಇತ್ತು!
ಕೆಳಗಿನ ಪಟ್ಟಿಯನ್ನು ಮುಳುಗಿಸಿದಳು; ಬಾಣ ತಾಗಿದರೆ
ಮೀನಿನಂತೆ ಮೇಲೆ ಬಂದು ಮತ್ತೆ ಕಾಣೆ.
ಮೇಲಿನ ಗುಂಡಿಗಳ ಸಾಲನ್ನು ಕಿತ್ತಳು.
ಬೆರಳಿಗೆ ಗೊತ್ತಿರುವುದನ್ನು ಕಣ್ಣಿಗೆ
ಯಾಕೆ ಪದೇಪದೇ ಹೇಳಬೇಕು?
ಅಕ್ಷರಗಳನ್ನು ಎಳ್ಳಿನಷ್ಟಕ್ಕೆ ಕುಗ್ಗಿಸಿದಳು,
ಕನ್ನಡಕದ ಅಂಗಡಿಯವಳು ಗದರಿದ ಮೇಲೆ
ಹೆಸರುಕಾಳಿನಷ್ಟಕ್ಕೆ ಮರಳಿದಳು.
ಎಡಕ್ಕೆ ಸಿನಿಮಾ, ಬಲಕ್ಕೆ ಸಾಲು;
ನಿಘಂಟು, ಬಿಲ್ಲು, ಅಕ್ಕನ ಪತ್ರ, ಎಲ್ಲ
ಬೆನ್ನ ಹಿಂದಿನ ಇನ್ನೊಂದು ಪರದೆಯಲ್ಲಿ,
ಮೂರು ಬೆರಳು ಸವರಿದರೆ ತೆರೆಯುವ ಕೋಣೆ.
ಸತ್ತ ಪಟ್ಟಿಗೆ ಗಡಿಯಾರವನ್ನು ಕಳಿಸಿದಳು.
ಕಾಣದಿದ್ದರೆ ಒಳ್ಳೆಯದೇ ಅದು.

ಮೇಜೂ ಹಾಗೆಯೇ. ಒಂದು ಮೂಲೆ ಮಗಳು ತೇಕ್ಲೆಯ ಭೂಗೋಳ,
ಒಂದು ಮೂಲೆ ಹಿಟ್ಟು, ಲಟ್ಟಣಿಗೆ, ಕೊಚ್ಚಿದ ಮಾಂಸ.
ಅಂಗೈಯಗಲದ ಖಿಂಕಾಲಿಗೆ
ಹತ್ತೊಂಬತ್ತು ನೆರಿಗೆ ಹಿಡಿಯುತ್ತಾಳೆ ಹುಡುಗಿ,
ಒಳಗಿನ ಸಾರು ಒಂದು ತೊಟ್ಟೂ ಸೋರದಂತೆ.

ಆಗ ಬಂದ ಆರನೇ ಮಹಡಿಯ ಜುಂಬೇರ್,
ಬಾಗಿಲು ಹಾಕಿದ ಟ್ರಾವೆಲ್ ಕಚೇರಿಯಿಂದ
ಇಪ್ಪತ್ತೇಳು ಇಂಚಿನ ಮಾನಿಟರನ್ನು ಹೊತ್ತು.
ಮೂರು ಮಹಡಿಗೂ ನಾಣ್ಯ ಹಾಕಿದೆ, ಕಾಫಿ ಕೊಡು ಅಂದ.
ಇಟ್ಟು ನೋಡಿದರು: ಹಿಟ್ಟಿಗೆ ಜಾಗವಿಲ್ಲ.
ಸರಿಸಿ ನೋಡಿದರು: ಭೂಗೋಳ ನೆಲಕ್ಕೆ ಬಿತ್ತು.
ಕೊನೆಗೆ ಅದು ಫ್ರಿಜ್ಜಿನ ತಲೆಯ ಮೇಲೆ ಕೂತಿತು,
ಮದುವೆಗೆ ಬಂದ ದೊಡ್ಡ ಸಾಹೇಬನ ಹಾಗೆ.

ಆ ರಾತ್ರಿ ಎತೇರಿ ಕತ್ತು ಎತ್ತಿ ನೋಡಿದಳು.
ಹಳೆಯ ಚಿತ್ರ, ರೈಲು ನಿಲ್ದಾಣ. ನಾಯಕ
ಕಿಟಕಿಯಿಂದ ಬಾಗಿ ಏನೇನೋ ಹೇಳುತ್ತಿದ್ದಾನೆ.
ಎಂಟು ಸಲ ನೋಡಿದ ದೃಶ್ಯವೇ.
ಆದರೆ ಅವನ ಹಿಂದೆ, ಗಂಟು ಹಿಡಿದ ಜನರ ನಡುವೆ,
ಚಿಕ್ಕ ಪರದೆಯಲ್ಲಿ ಧೂಳಿನ ಚುಕ್ಕೆಯಾಗಿದ್ದ ಒಬ್ಬಳು
ತುಟಿ ಆಡಿಸುತ್ತಿದ್ದಾಳೆ. ದನಿ ಇಲ್ಲ.
ಎಂಜಿನ್ನು ನುಂಗಿದೆ. ಯಾರ ಕಿವಿಗೂ ಬಿದ್ದಿಲ್ಲ.
ಎತೇರಿ ನಿಲ್ಲಿಸಿದಳು, ಹಿಂದೆ ಸರಿಸಿದಳು,
ಕುರ್ಚಿ ಹತ್ತಿ ಪರದೆಗೆ ಮೂಗು ತಾಗಿಸಿದಳು.
‘ಕೊಡೆ ಮರೆತೆ’ ಅನ್ನುತ್ತಿದ್ದಾಳೆ ಹೆಂಗಸು,
ಯಾರಿಗೋ, ಚೌಕಟ್ಟಿನ ಆಚೆ ಇರುವವನಿಗೆ.

ನೋಡಲು ಜಾಗ ಸಿಕ್ಕಿತು, ಬರೆಯಲು ಅದೇ ಎರಡು ಸಾಲು.
ಮೊದಲಿನದು ಪೂರ್ತಿ ನಾಯಕನದು, ಎರಡನೆಯದೂ ಅವನದೇ:
ಎಂದೆಂದಿಗೂ, ಪ್ರಾಣದಾಣೆಗೂ, ನಕ್ಷತ್ರಗಳ ಸಾಕ್ಷಿಗೂ.
ಕೆಳಗೆ ಇಳಿದು, ತನ್ನ ಹನ್ನೊಂದು ಇಂಚಿಗೆ ಮರಳಿ,
ಅವಳು ನಕ್ಷತ್ರಗಳನ್ನು ಅಳಿಸಿದಳು.
ಪ್ರಾಣವನ್ನೂ. ‘ಎಂದೆಂದಿಗೂ’ ಇರಲಿ, ಸಾಕು.
ತೆರವಾದ ಜಾಗದಲ್ಲಿ, ಓರೆ ಅಕ್ಷರದಲ್ಲಿ,
ಒಂದು ಕೊಡೆ.

ಅಮ್ಮಾ, ಬೆಂದಿದೆ, ಅಂದಳು ತೇಕ್ಲೆ
ಹಬೆಯಾಡುವ ಪಾತ್ರೆಯನ್ನು ಎತ್ತಿ ಹಿಡಿದು.
ಅದನ್ನು ಮುಚ್ಚು. ತಟ್ಟೆಗೆ ಜಾಗ ಬೇಕು.