ಎಡಕ್ಕೆ ನಾಲ್ಕು ಫ್ರೇಮು

ಬೈತಖೋಲ ಬಂದರದ ಎದುರು, ಐಸ್ ಫ್ಯಾಕ್ಟರಿಯ ಮಾಳಿಗೆ.
ಸೊಸೈಟಿಯ ವೀಡಿಯೊಗೆ ಒಂದು ದೋಣಿ ತೂಗಬೇಕು.
ಎರಡೇ ಕೀಫ್ರೇಮು: ಎಡಕ್ಕೆ ಆರು ಡಿಗ್ರಿ, ಬಲಕ್ಕೆ ಆರು.
ಕೆಳಗೊಂದು ಸಾಲು ಬರೆದೆ.
ಹೋದದ್ದು ಬರಲಿ, ಬಂದದ್ದು ಹೋಗಲಿ,
ಹಾರ್ಡ್‌ಡಿಸ್ಕ್ ಬದುಕಿರುವ ತನಕ.

ಪೊಕ್ಕಾ ತಾಂಡೇಲ ಮೆಟ್ಟಿಲೇರಿ ಬಂದ,
ಚಪ್ಪಲಿ ಹೊರಗೆ ಬಿಟ್ಟು ನನ್ನ ಹೆಗಲ ಹಿಂದೆ ನಿಂತ.
ಎಷ್ಟೋ ಹೊತ್ತು ನೋಡಿದ.
"ಖಾಲಿ ಅದೆ ಬಾಳಾ, ಇದು."
"ಏನು ಖಾಲಿ?"
"ದೋಣಿ. ಹೊರೆ ಇದ್ದದ್ದು ಇಷ್ಟು ಹಗುರ ಮರಳೂದಿಲ್ಲ.
ಬಲೆ ಯಾವ ಬದಿಗೆ ಹಾಕಿದ್ದಿ?"

ನಾನು ಬಲೆಯನ್ನೇ ಬಿಡಿಸಿರಲಿಲ್ಲ.

ಗ್ರಾಫಿನ ಗೆರೆ ಹಿಡಿದು ತುದಿಗಳನ್ನು ಬಾಗಿಸಿದೆ,
ಎಡಕ್ಕೆ ವಾಲಿದಾಗ ನಾಲ್ಕು ಫ್ರೇಮು ತಡೆದೆ.
ಒಜ್ಜೆ ಬಂತು.
ಒದ್ದೆ ಹಗ್ಗದ್ದು, ಬಾಂಗಡೆಯದ್ದು,
ತೆರೆಯಲ್ಲಿ ಕಾಣದ್ದು.

"ಹಾಂ," ಅಂದ. "ಇನ್ನು ಇದು ನಿಲ್ಲೂದು ಯಾವಾಗ?"
ಅದಕ್ಕೆ ಕೀ ಇಟ್ಟಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.
ಕಪ್ಪು ಮಾನಿಟರಿನ ಗಾಜಿನಲ್ಲಿ ನಾವಿಬ್ಬರು:
ನಾನು ಕೂತಲ್ಲೇ;
ಅವನೋ, ಗಟ್ಟಿ ನೆಲದ ಮೇಲೆ ನಿಂತೂ
ಎಡಗಾಲಿಂದ ಬಲಗಾಲಿಗೆ, ಬಲದಿಂದ
ಮತ್ತೆ ಎಡಕ್ಕೆ,
ಎಡದಲ್ಲಿ ಕೊಂಚ ತಡೆದು.